ವಿಚಾರಣೆ

ಹಾಸನದ ಬಸ್‌ಸ್ಟ್ಯಾಂಡು, ಸಂಜೆ ಆರೂಕಾಲು.
ನನ್ನ ತಲೆಯ ಮೇಲೆ ಬೋರ್ಡು: ವಿಚಾರಣೆ.
ಕಿಂಡಿಯೊಳಗೆ ಒಂದೇ ಸಲ ಮೂರು ಕೈ.
ಅರಕಲಗೂಡು ಎಷ್ಟೊತ್ತಿಗೆ, ಚಿಲ್ಲರೆ ಕೊಡಲಿಲ್ಲ ಅವನು,
ಕಳೆದುಹೋದ ಕೊಡೆ, ಅಳುವ ಮಗು,
ಹಿಂದಕ್ಕೆ ಬರುವ ಬಸ್ಸಿಗೆ ಸೀಟಿ.
ಎಲ್ಲರಿಗಿಂತ ಹೆಚ್ಚು ಗದ್ದಲ ನಾನೇ,
ಮೈಕು ನನ್ನದು.

ಆದರೂ ಗುಂಡಿ ಒತ್ತಿದ ಮೇಲೆ,
'ಪ್ರಯಾಣಿಕರ ಗಮನಕ್ಕೆ' ಅನ್ನುವ ಮುಂಚೆ
ಸ್ಪೀಕರು ಒಂದು ಉಸಿರಿನಷ್ಟು ಗುಂಯ್ ಅನ್ನುತ್ತದಲ್ಲ,
ಅಷ್ಟರಲ್ಲಿ ಬಂದು ಕೂತಿರುತ್ತೀಯ
ಪಕ್ಕದ ಮುರುಕು ಸ್ಟೂಲಿನ ಮೇಲೆ.

ಯಾವ ಊರು ಅಂತ ನಾನು ಕೇಳಿಲ್ಲ.
ನೀನೂ ಕೇಳಿಲ್ಲ,
ಮೊನ್ನೆ ಆ ಮುದುಕನ ಮೇಲೆ ಯಾಕೆ ರೇಗಿದೆ ಎಂದು.
ಈ ಬೋರ್ಡಿನ ಕೆಳಗೆ ಕೂತೂ
ವಿಚಾರಣೆ ಮಾಡದವನು ನೀನೊಬ್ಬ.

ಬೇಲೂರು ಗಾಡಿ ಹೊರಟಿತು, ಕೂಗಬೇಕು.
ತಡಿ, ಏಳಬೇಡ.
ಅದು ನಿನ್ನದಲ್ಲ.