ತೂತು ಮುಚ್ಚುವ ಕಸುಬಿನವಳು

ಮೂವತ್ತೊಂದು ವರ್ಷ ಈ ಬಂದರಿನ ಕಲ್ಲಿನ ಮೇಲೆ
ಕೂತೇ ದುಡಿದವಳು ನಾನು.
ಮಾಲ್ಪಿಕಾದ ದೋಣಿಗಳು ಸಾರ್ಡೀನು ತರುತ್ತವೆ,
ಬಂಡೆಗೆ ಸಿಕ್ಕಿ ಹರಿದ ಬಲೆಯನ್ನೂ ತರುತ್ತವೆ.
ಮೀನು ಹರಾಜಿಗೆ, ತೂತು ನನ್ನ ಮಡಿಲಿಗೆ.

ಮೊದಲು ಜ್ವರ, ಆಮೇಲೆ ಕೂರುವ ಜಾಗದಲ್ಲೇ
ನಿಂಬೆ ಗಾತ್ರದ ಬಾವು.
ಕೇಳಿದವರಿಗೆಲ್ಲ ಸೊಂಟ ಅಂದೆ.
ಪಾದ್ರಿಗೂ ಸೊಂಟ, ಔಷಧಿ ಅಂಗಡಿಯವನಿಗೂ ಸೊಂಟ.
ಒಡೆದ ಬಾವು ವಾಸಿಯಾಗಲಿಲ್ಲ;
ದಿನವೂ ಒಂದಿಷ್ಟು ಒಸರಿ, ಬಟ್ಟೆ ಹಾಳು ಮಾಡಿ,
ಒಳಗೆ ಏನೋ ಇದೆಯೆಂದು ನೆನಪಿಸುತ್ತಿತ್ತು.

ಕೊರುನ್ಯಾದ ಆಸ್ಪತ್ರೆಯಲ್ಲಿ ಡಾಕ್ಟರ್ ಇರಿಯಾ
ಹಾಳೆಯ ಮೇಲೊಂದು ವೃತ್ತ ಬರೆದು, ಹೊರಗೊಂದು ಚುಕ್ಕೆ ಇಟ್ಟು
ನಡುವೆ ಡೊಂಕು ಗೆರೆ ಎಳೆದಳು:
ಇದು ಭಗಂದರ. ಗುದದ ಒಳಗಿಂದ ಚರ್ಮಕ್ಕೆ ತೋಡಿದ ಸುರಂಗ.
ಹೊಲಿದುಬಿಡಿ, ಅಂದೆ. ಎಷ್ಟು ಹೊತ್ತಿನ ಕೆಲಸ?
ಆಕೆ ನಗಲಿಲ್ಲ.
ಬಾಯಿ ಹೊಲಿದರೆ ಕೀವು ಒಳಗೇ ಮನೆ ಕಟ್ಟುತ್ತದೆ.
ಸೀಳಿ ತೆರೆಯೋಣವೆಂದರೆ ದಾರಿ ಸ್ನಾಯುವಿನ ನಡುವೆ ಹಾದಿದೆ;
ಹೆಚ್ಚು ಕೊಯ್ದರೆ ಹಿಡಿತ ಹೋಗುತ್ತದೆ.

ಹಿಡಿತ.
ಬಸ್ಸು ಕಾರ್ಬಾಯೊ ದಾಟುವವರೆಗೂ
ಆ ಮಾತನ್ನು ಬಾಯೊಳಗೆ ಹೊರಳಿಸಿದೆ,
ಮುಳ್ಳಿರಬಹುದಾದ ತುತ್ತಿನ ಹಾಗೆ.

ಮೊದಲ ಸಲ ಒಂದು ದಾರ ಪೋಣಿಸಿ ಬಿಟ್ಟರು.
ನೀಲಿ ದಾರ, ಸಡಿಲ ಉಂಗುರ, ಕೀವು ಹರಿದುಹೋಗಲಿ ಎಂದು.
ಏಳು ತಿಂಗಳು ನನ್ನೊಳಗೆ ಬೇರೆಯವರು ಹಾಕಿದ ಗಂಟು.
ಸ್ನಾನದಲ್ಲಿ ಬೆರಳಿಗೆ ಸಿಕ್ಕಾಗಲೆಲ್ಲ ಅನ್ನಿಸುತ್ತಿತ್ತು:
ನಾನಾಗಿದ್ದರೆ ಇನ್ನೊಂದು ಸುತ್ತು ಹಾಕುತ್ತಿದ್ದೆ.

ಕಲೆ ಕಂಡದ್ದು ಎರ್ಮಿತಾಸಳಿಗೆ.
ಏನೂ ಕೇಳಲಿಲ್ಲ. ಮಾರನೆಯ ದಿನ
ಗುಜರಿ ದೋಣಿಯ ಕಿತ್ತಳೆ ತೇಲುಬಳೆಗೆ
ಹಳೇ ಕಂಬಳಿ ಸುತ್ತಿ ಹೊಲಿದು ತಂದು
ನನ್ನ ಕಲ್ಲಿನ ಮೇಲಿಟ್ಟಳು.
ಕೂತ್ಕೋ. ನನ್ನ ಗಂಡನಿಗೂ ಇತ್ತು.
ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ, ಮುಂಡೇದು.

ಎರಡನೇ ಸಲ ಸ್ನಾಯುಗಳ ನಡುವೆ ಇಳಿದು
ಸುರಂಗದ ಕುತ್ತಿಗೆ ಬಿಗಿದು ಕತ್ತರಿಸಿದರು.
ಹತ್ತರಲ್ಲಿ ಆರೋ ಏಳೋ ಮಂದಿಗೆ ನಿಲ್ಲುತ್ತದಂತೆ.
ಉಳಿದವರಿಗೆ?
ಮತ್ತೆ ದಾರ, ಅಂದಳು ಇರಿಯಾ. ಸುಳ್ಳು ಹೇಳದ ಹುಡುಗಿ.
ಹೊರಗಿನ ಗಾಯವನ್ನು ಹಾಗೇ ತೆರೆದಿಟ್ಟರು,
ಮಾಂಸ ತಳದಿಂದ ತುಂಬಿಕೊಂಡು ಬರಲಿ ಎಂದು.
ಮೀನು ತೊಳೆಯುವ ನೀಲಿ ಬೇಸಿನ್‌ನಲ್ಲಿ ಬಿಸಿನೀರು,
ದಿನಕ್ಕೆ ಮೂರು ಸಲ, ಮಂಡಿ ಎತ್ತಿ, ರೇಡಿಯೋ ಹಾಕಿ.
ಬೆಳಗಿನ ಶೌಚವೆಂದರೆ ಗಾಜು.
ಆಗ ನಾನು ಕರೆದ ಸಂತರಿಗೆಲ್ಲ ಈಗ ಮುಖ ತೋರಿಸಲಾರೆ.

ಹನ್ನೊಂದು ವಾರ. ಆಮೇಲೆ ಒಂದು ದಿನ ಬಟ್ಟೆ ಒಣಗಿತ್ತು.
ಆರನೇ ತಿಂಗಳ ಸ್ಕ್ಯಾನಿನಲ್ಲಿ ಬರೀ ಒಂದು ತೆಳು ಗೆರೆ.
ಗಾಳಿ ಮಾತ್ರ ಕೆಲವೊಮ್ಮೆ ಅಪ್ಪಣೆ ಕೇಳುವುದಿಲ್ಲ.
ಹೋದ ಭಾನುವಾರ ಪೂಜೆಯ ಮೌನದಲ್ಲೇ ಹೊರಟಿತು;
ಎರ್ಮಿತಾಸ ಮುಂದಿನ ಸಾಲಿನ ಮುದುಕನನ್ನು ದುರುಗುಟ್ಟಿ ನೋಡಿದಳು.

ಇವತ್ತು ಬಂದ ಬಲೆಯಲ್ಲಿ ಎರಡು ಮಾರು ಹರಕು.
ಚಾಕು ತೆಗೆದು ಪಿಸುಕಿದ ಕಣ್ಣುಗಳನ್ನೆಲ್ಲ ಕೊಯ್ದೆ,
ಗಟ್ಟಿ ನೂಲು ಸಿಗುವವರೆಗೆ,
ತೂತು ಮೊದಲಿಗಿಂತ ದೊಡ್ಡದಾಗುವವರೆಗೆ.
ಅಮ್ಮ ಕಲಿಸಿದ್ದೇ ಹೀಗೆ.
ಆ ದಿನ ಆ ಹಾಳೆಯ ಮುಂದೆ ಇದು ಯಾಕೆ ಹೊಳೆಯಲಿಲ್ಲವೋ.

ಬೆಳಿಗ್ಗೆ ಬಟ್ಟೆ ನೋಡಿಕೊಂಡೇ ಬಂದಿದ್ದೇನೆ. ಒಣಗಿದೆ.
ನಾಳೆಯದು ನಾಳೆ.
ತೇಲುಬಳೆ ಇನ್ನೂ ಇಲ್ಲೇ ಇದೆ;
ಬೆಕ್ಕು ಅದರ ನಡುವೆ ಮಲಗಿದೆ, ಎಬ್ಬಿಸಲಿಲ್ಲ.