ಕಾಜಾ

ಒಂದು ಅಂಗಿಗೆ ಏಳು ಕಾಜಾ, ಏಳು ಗುಂಡಿ.
ಕೈಲೆ ಹಾಕಿದರ ಅಂಗಿಗೆ ಎಂಟು ರೂಪಾಯಿ.
ಸಾಲಿ ಶುರುವಾಗೂ ಮುಂದ
ಬಿಳಿ ಅಂಗಿಗಳ ಗುಡ್ಡ ನನ್ನ ತೊಡಿ ಮ್ಯಾಲೆ.
ಬೆಟಗೇರಿಯ ಅರ್ಧ ಹುಡುಗರ ಎದಿ ಮುಚ್ಚಿದಾಕಿ ನಾನು.
ನನ್ನ ಮಗ ಫಕೀರೇಶಗ
ಒಂಬತ್ತು ತುಂಬಿದರೂ ಟೀ ಶರ್ಟು.

ಮಂಗಳವಾರಕ್ಕೊಮ್ಮೆ ಎಸ್ತರ್ ಅಕ್ಕೋರು ಬರ್ತಾರ
ಸರಕಾರಿ ಸಾಲಿಯ ಹಿಂದಿನ ಕೋಣಿಗೆ.
ಮೊದಲು ಅಲ್ಲಿ ಮುರದ ಬೆಂಚು ಒಟ್ಟತಿದ್ರು.
ಈಗ ಜಂತಿಗೆ ಒಂದು ಜೋಕಾಲಿ, ನೆಲಕ್ಕ ಟ್ರ್ಯಾಕ್ಟರಿನ ಟ್ಯೂಬು,
ಬುಟ್ಟಿ ತುಂಬ ಹುಣಸೀ ಬೀಜ.
ಗುಳಿಗಿ ಏನು ಕೊಡ್ತೀರಿ ಅಂತ ಕೇಳಿದೆ, ಮೊದಲ ದಿನ.
ಅಕ್ಕೋರು ನಕ್ಕು, ಜೋಕಾಲಿ ತೂಗಿದರು.

ಅವಂಗ ಜಗತ್ತು ಭಾಳ ಜೋರು, ಅಂದರು.
ಮಿಕ್ಸರಿನ ಸಪ್ಪಳ, ಕಾಲರಿನ ಒಳಗಿನ ಚೀಟಿ,
ನೆತ್ತಿಗೆ ಬಿದ್ದ ಒಂದು ಹನಿ ಎಣ್ಣಿ:
ನಮಗ ಗಾಳಿ ಸುಳದಂಗ,
ಅವಂಗ ಕಿವಿಯಾಗ ಹಲಗಿ ಬಡದಂಗ.
ಮೈ ಮ್ಯಾಲೆ ಒಂದೀಟು ವಜ್ಜಿ ಬೀಳಲಿ.
ತಾನು ಎಲ್ಲಿ ಮುಗೀತೀನಿ ಅನ್ನೋದು
ಮೈಗೆ ತಿಳೀಬೇಕಲ್ಲ.

ಪೇಟ್ಯಾಗ ಆ ಜಾಕೀಟಿಗೆ ಎರಡು ಸಾವಿರ ಅಂತ.
ನಾನು ಜೀನ್ಸಿನ ಚೂರು ಆರಿಸಿ, ಎಂಟು ಕಿಸೆ ಹೊಲದು
ಬಿಳಿಜೋಳ ತುಂಬಿದೆ.
ಹಾಕ್ಕೊಂಡು ಇಪ್ಪತ್ತು ನಿಮಿಷ ಕುಂತ.
ಕುಂತ, ನೋಡ್ರಿ!
ಗಡಿಯಾರ ನೋಡಿ ನಾನು ಅತ್ತೆ.
ಶ್ರಾವಣದಾಗ ಕಿಸೆಯಿಂದ ನುಸಿ ಹೊರಟವು.
ಒಂದೊಂದನ್ನ ಬೆರಳಲೆ ಮುಟ್ಟಿ ಎಣಿಸಿದ, ಹದಿನೇಳರ ತನಕ.
ಅವಂಗ ಎಣಿಕೆ ಬರ್ತೈತಿ ಅಂತ
ನನಗ ಗೊತ್ತಾದದ್ದು ಅವತ್ತು.
ಈಗ ಉಸುಕು ತುಂಬೇನಿ.

ಗುಂಡಿಯ ಪಾಠ ಅಕ್ಕೋರು ಕಡೀಯಿಂದ ಶುರು ಮಾಡಿದರು.
ತಾವ ಗುಂಡಿ ಹಿಡದು, ಕಾಜಾದಾಗ ತೂರಿ,
ಮುಕ್ಕಾಲು ಹೊರಗ ತಗದು,
ಉಳದ ಒಂದ ಒಂದು ಎಳತ ಅವಂಗ.
"ಮುಗಿಸೋದು ಮೊದಲು ಕಲೀಲಿ,
ಶುರು ಮಾಡೋದು ಆಮ್ಯಾಲೆ ಬರ್ತೈತಿ."
ಹದಿನಾರು ವರ್ಷ ಸೂಜಿ ಹಿಡದಾಕಿ, ನನಗ ಇದು ಹೊಸದು.
ನಾವು ಎಲ್ಲಾನೂ ಮೊದಲಿಂದ ಹೇಳಿಕೊಡ್ತೀವಿ,
ಅರ್ಧಕ್ಕ ಬಂದು ಬೈತೀವಿ,
ಕಡೀಗೆ ನಾವ ಮಾಡಿ ಮುಗಿಸ್ತೀವಿ.

ಹಳೇ ಕೋಟಿನ ತೋಳಿಗೆ ಕಾಜಾ ಕೊಯ್ದೆ,
ಎರಡು ರೂಪಾಯಿ ಬಿಲ್ಲೆ ಹಾಯೂವಷ್ಟು.
ಆಮ್ಯಾಲೆ ಒಂದು ರೂಪಾಯಿ. ಆಮ್ಯಾಲೆ ಎಂಟಾಣೆ.
ದಿನಾ ಮುಂಜಾನೆ ಒಂದ ಎಳತ, ಆರು ತಿಂಗಳು.
"ಇದಕ್ಕೂ ಓದಿ ಬರಬೇಕೇನು?" ನಮ್ಮ ಅತ್ತಿ.
ಒಂದು ದಿನ ಆ ತೋಳು ಬೀಸಿ ಒಗದೆ ನಾನು,
ಅವನ ಎದುರಿಗೇ.
ಅಂವ ಎದ್ದು ಹೋಗಿ ತಂದು, ಮತ್ತ ನನ್ನ ತೊಡಿ ಮ್ಯಾಲೆ ಇಟ್ಟ.
ಇದನ್ನ ಅಕ್ಕೋರಿಗೆ ಹೇಳಿಲ್ಲ.

ನಿನ್ನೆ ಸಾಲಿ ಅಂಗಿ ತಾನ ತಗೊಂಡ.
ಕೆಳಗಿನಿಂದ ಮ್ಯಾಲಕ್ಕ, ನಾಲಿಗಿ ಹಲ್ಲಿನಾಗ ಕಚ್ಚಿ.
ಹೊರಗ ಆಟೋದವ ಎರಡು ಸಲ ಹಾರ್ನ್ ಹೊಡದ.
ಕೆಳಗ ಒಂದು ಕಾಜಾ ಖಾಲಿ,
ಕೊರಳಿಗೆ ಒಂದು ಗುಂಡಿ ಹೆಚ್ಚು,
ಅಂಗಿಯ ಒಂದು ಚುಂಗು ಮೊಳಕಾಲಿನ ಕಡೆ.
ಈ ಓಣಿಯಾಗ ಇಂಥಾ ಅಂಗಿ ನೋಡಿದರ
ನಿಂದರಿಸಿ ಸರಿ ಮಾಡಿ ಕಳಸೂವಾಕಿ ನಾನು.

ಎರಡೂ ಕೈ ತೊಡಿ ಕೆಳಗ ಇಟಗೊಂಡು ಕುಂತೆ,
ಆಟೋ ತಿರುವು ದಾಟೂ ತನಕ.