ಮರಿಯಲ್ಲಿ ಮಾತ್ರ ಇರುವುದು

ವಾನ್ ಸರೋವರದ ಗಾಳಿ ಮೂರನೆಯ ಮಹಡಿಯ
ಕಿಟಕಿಗೆ ಉಪ್ಪು ಸವರಿದೆ.
ಬೆಳಿಗ್ಗೆಯಿಂದ ಇದು ಹನ್ನೊಂದನೆಯ ಹೊಟ್ಟೆ.
ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೆ,
ಆದರೂ ಬೆಚ್ಚಿದಳು.

ಹೆಸರು ನಾಜ್ದಾರ್. ಇಪ್ಪತ್ತೊಂಬತ್ತನೆಯ ವಾರ.
ಆರು ದಿನದ ಹಿಂದೆ ಗರ್ಭದ ನೀರು ಒಡೆದು
ಸೋರುತ್ತಲೇ ಇದೆ.
ಹಿಂದಿನ ಎರಡು ಬಸಿರು ಕಾಗದದಲ್ಲಷ್ಟೇ ಇವೆ.
ಅವಳಿಗೆ ನನ್ನ ಟರ್ಕಿಶ್ ಅಷ್ಟಾಗಿ ಬಾರದು,
ನನಗೆ ಅವಳ ಕುರ್ದಿಶ್ ಅಷ್ಟೂ ಬಾರದು.
ನಡುವೆ ಅವಳ ನಾದಿನಿ, ಮಾತಿನ ಹರಿಗೋಲು.

ಪರದೆಯಲ್ಲಿ ಬೂದಿ ಕೆದಕಿದಂತೆ ಬೆಳಕು.
ಮೂರು ರಕ್ತನಾಳ: ದೊಡ್ಡದು, ಸಣ್ಣದು, ತೀರ ಸಣ್ಣದು,
ಫೋಟೋಗೆ ನಿಂತ ಒಡಹುಟ್ಟಿದವರ ಹಾಗೆ.
ಅವುಗಳ ಮುಂದೆ, ಎದೆಮೂಳೆಯ ಹಿಂದೆ
ಇರಬೇಕು ಥೈಮಸ್.
ಇದೆ.
ಎಷ್ಟಿದೆ ಎಂಬುದೇ ಪ್ರಶ್ನೆ.

ಒಳಗೆಲ್ಲೋ ಸೋಂಕು ಹೊಗೆಯಾಡಿದರೆ
ತಾಯಿಗೆ ಜ್ವರ ಏರುವ ಮುನ್ನವೇ
ಇದು ಕುಗ್ಗುವುದುಂಟು.
ಹಾಗಂತ ಓದಿದ್ದೇನೆ. ಕಂಡೂ ಇದ್ದೇನೆ. ತಪ್ಪಿಯೂ ಇದ್ದೇನೆ.

"ಏನು ಅಳೆಯುತ್ತಿದ್ದೀರಿ?" ಹರಿಗೋಲು ನನ್ನತ್ತ ಬಂತು.
"ಥೈಮಸ್" ಎಂದೆ. ನಡುನೀರಿನಲ್ಲೇ ನಿಂತಿತು.
"ಗ್ರಂಥಿ" ಎಂದೆ. ನಿಂತೇ ಇತ್ತು.
"ತನ್ನವರಾರು, ಹೊರಗಿನವರಾರು ಎಂದು
ರಕ್ತದ ಕಣಗಳಿಗೆ ತಿದ್ದಿಸುವ ಶಾಲೆ" ಎಂದೆ.
ನಾದಿನಿ ಗಡಿಯ ಊರಿನವಳು. ಆ ಶಾಲೆ ಗೊತ್ತೆಂಬಂತೆ
ನನ್ನನ್ನೇ ನೋಡಿದಳು. ಅನುವಾದಿಸಲಿಲ್ಲ.

ಕೊನೆಗೆ ಬಾಯಿಗೆ ಬಂದದ್ದು ಮಾಂಸದಂಗಡಿಯ ಮಾತು:
ಉಯ್ಕುಲುಕ್.
ಕುರಿಮರಿಯ ಕೊರಳ ಬುಡದ ಬಿಳಿ ತುಣುಕಿಗೆ
ನಮ್ಮಲ್ಲಿ ಹಾಗೆ ಹೆಸರು, ನಿದ್ದೆಯದು ಎಂಬಂತೆ.
ಕೆಂಡದ ಮೇಲೆ ಸುಟ್ಟು ನಿಂಬೆ ಹಿಂಡಿ ತಿನ್ನುತ್ತಾರೆ.
ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಾಜ್ದಾರ್ ಮೊದಲ ಸಲ ನೇರ ನನ್ನೊಡನೆ,
ಮುರುಕು ಟರ್ಕಿಶ್‌ನಲ್ಲಿ:
"ನನ್ನಪ್ಪ ಕಸಾಯಿ. ಗೊತ್ತು.
ಮರಿಯಲ್ಲಿ ಇರುತ್ತೆ, ಮುದಿ ಕುರಿಯಲ್ಲಿ ಇರಲ್ಲ.
ಕಾಯಿಲೆ ಬಿದ್ದ ಮರಿಯಲ್ಲಿ, ಹಸಿದ ಮರಿಯಲ್ಲಿ
ಸಣ್ಣದಿರುತ್ತೆ."
ಆಮೇಲೆ, "ನನ್ನದರಲ್ಲಿ ಎಷ್ಟು?"

ಹದಿನೇಳು ವರ್ಷದ ನನ್ನ ಓದು
ಆ ನಾಲ್ಕು ಮಾತಿನಲ್ಲಿ ಮುಗಿದಿತ್ತು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದು;
ನಾನು ಹೊಲಿಯುವುದಿಲ್ಲ, ಅಳತೆ ತೆಗೆಯುತ್ತೇನೆ ಅಷ್ಟೆ.
ಎರಡು ಚುಕ್ಕಿ, ನಡುವೆ ಒಂದು ಗೆರೆ.
ಮಗು ಬಿಕ್ಕಳಿಸಿತು, ಗೆರೆ ಜಾರಿತು. ಮತ್ತೆ ಅಳೆದೆ.
ಹದಿನೆಂಟು ಮಿಲಿಮೀಟರ್.
ಶ್ವಾಸಕೋಶಕ್ಕೆಂದು ಕೊಟ್ಟ ಸೂಜಿಯಿಂದಲೂ
ಕುಗ್ಗಿರಬಹುದು. ಯಾವುದರಿಂದ ಎಂದು
ಗೆರೆ ಹೇಳುವುದಿಲ್ಲ.

"ಸಣ್ಣದಿದೆ" ಎಂದೆ.
ನಾದಿನಿ ಬಾಯಿ ತೆರೆದಳು; ನಾಜ್ದಾರ್ ಕೈಯೆತ್ತಿ ತಡೆದಳು.
ಆ ಮಾತು ಹರಿಗೋಲಿಲ್ಲದೆ ದಾಟಿತ್ತು.

ಕಾರಿಡಾರಿನಲ್ಲಿ ಫೋನು: ರಕ್ತ ಮತ್ತೊಮ್ಮೆ ತೆಗೆಯಿರಿ,
ಕೆಳಗಿನ ಮಹಡಿಯಲ್ಲಿ ಗಾಜಿನ ತೊಟ್ಟಿಲೊಂದು
ಖಾಲಿ ಇದೆಯೇ ನೋಡಿ.
ಅತ್ತಲಿಂದ ಯಾರೋ ಕಾಯಲು ಹೇಳಿದರು.

ನನಗೆ ನಲವತ್ತಾರು. ನನ್ನ ಎದೆಮೂಳೆಯ ಹಿಂದೆ
ಈಗ ಬರೀ ಕೊಬ್ಬು; ಶಾಲೆ ಎಂದೋ ಮುಚ್ಚಿದೆ.
ಕಾಯುವಷ್ಟು ಹೊತ್ತೂ
ಕೈ ಅಲ್ಲೇ ಇತ್ತು.